ಪುರಿಯಿಂದ ಮಂಗಳೂರಿಗೆ: ಪಡುಗಡಲಿನಲ್ಲಿ ಕನ್ನಡ ಅರಸರ ನೌಕಾಬಲ

ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ಕವಿ ರವಿಕೀರ್ತಿಯು ಕೆತ್ತಿಸಿದ ಪ್ರಶಸ್ತಿಯು ಶಕವರ್ಷ ೫೫೬ರದು, ಎಂದರೆ ಕ್ರಿ. ಶ. ೬೩೪-೩೫ರದು. ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಸಂಗತಿಗಾಗಿ ಆ ಪ್ರಶಸ್ತಿಯನ್ನು ನಾವೆಲ್ಲರೂ ನೆನೆಯುತ್ತೇವೆ. ಆದರೆ ಹರ್ಷನ ಪ್ರಸಂಗಕ್ಕೆ ತುಸು ಮೊದಲು ಅದೇ ಪ್ರಶಸ್ತಿಯಲ್ಲಿ ಬರುವ ಇನ್ನೊಂದು ವಿಜಯದ ಕಡೆಗೆ ನಮ್ಮವರ ಗಮನವು, ಅದರಲ್ಲಿಯೂ ಮುಂಬಯಿಯಲ್ಲಿ ನೆಲಸಿರುವ ಕನ್ನಡಿಗರ ಗಮನವು, ಸಾಕಷ್ಟು ಹರಿದಂತೆ ತೋರುವುದಿಲ್ಲ. ಪುಲಕೇಶಿಯ ಸೇನೆಯು ಕೊಂಕಣದ ಮೌರ್ಯರನ್ನು ಅಡಗಿಸಿತೆಂದೂ, ಬಳಿಕ ಅವನು ಪಡುಗಡಲಿನ ಸಿರಿಯೆನಿಸಿದ್ದ ಪುರಿ ಎಂಬ ಪಟ್ಟಣವನ್ನು ನೂರಾರು ನಾವೆಗಳಿಂದ ಮುತ್ತಿದನೆಂದೂ ರವಿಕೀರ್ತಿಯು ಹೇಳುವನು. ಕವಿಯ ಕಣ್ಣಿಗೆ ಆ ನಾವೆಗಳು ಮದ್ದಾನೆಗಳ ಹಿಂಡಿನಂತೆ ಕಂಡವು. ನೂರಾರು ಎಂಬುದನ್ನು ಕವಿಸಹಜವಾದ ಮಾತೆಂದು ಎಷ್ಟೇ ತಗ್ಗಿಸಿಕೊಂಡರೂ ಮೂಲಸಂಗತಿಯು ಹಾಗೆಯೇ ಉಳಿಯುತ್ತದೆ: ಕಡಲು ಕಾಣದ ಬಾದಾಮಿಯ ಬಂಡೆಗಳ ನಡುವೆ ರಾಜಧಾನಿಯನ್ನು ಕಟ್ಟಿಕೊಂಡಿದ್ದ ಅರಸನೊಬ್ಬನು ಹಡಗುಗಳನ್ನು ಕೂಡಿಸಿ, ಕಡಲ ಕಡೆಯಿಂದ ಒಂದು ರೇವುಪಟ್ಟಣವನ್ನು ಗೆದ್ದನು.

ಈ ಪುರಿ ಯಾವುದು? ಮುಂಬಯಿ ಬಂದರದ ನಡುವಿನ ಘಾರಾಪುರಿ, ಪೋರ್ತುಗೀಜರು ಎಲಿಫೆಂಟಾ ಎಂದು ಕರೆದ ದ್ವೀಪ, ಎಂದು ಹಲವರ ಮತ. ದಕ್ಷಿಣಕ್ಕೆ ಜಂಜೀರದ ಬಳಿಯ ರಾಜಪುರಿ ಎಂದು ಮತ್ತೆ ಕೆಲವರು. ಘಾರಾಪುರಿಯ ಮಹಾಗುಹೆಯು ಆರನೆಯ ಶತಮಾನದ ನಡುಭಾಗದ್ದೆಂದೂ, ದ್ವೀಪದಲ್ಲಿ ದೊರೆತ ನಾಣ್ಯಗಳ ಆಧಾರದಿಂದ ಕಲಚುರಿ ಕೃಷ್ಣರಾಜನ ಕಾಲದ್ದೆಂದೂ ಈಚಿನ ವಿದ್ವಾಂಸರಲ್ಲಿ ಅನೇಕರು ಒಪ್ಪುತ್ತಾರೆ. ಅಂತಹ ಗುಹೆಯನ್ನು ಕೊರೆಯಿಸುವಷ್ಟು ಸಿರಿಯು ಆ ಪುಟ್ಟ ದ್ವೀಪಕ್ಕೆ ನೇಗಿಲಿನಿಂದ ಬಂದಿರಲಾರದು. ಅದು ಹಡಗಿನಿಂದಲೇ ಬಂದಿರಬೇಕು. ಮೋರಾಬಂದರ್, ರಾಜಬಂದರ್, ಶೇತಬಂದರ್ ಎಂಬ ಅಲ್ಲಿನ ಮೂರು ಹಳ್ಳಿಗಳ ಹೆಸರುಗಳೇ ಇಂದಿಗೂ ಬಂದರವನ್ನು ನೆನಪಿಗೆ ತರುತ್ತವೆ. ನನಗೆ ಘಾರಾಪುರಿಯ ಪಕ್ಷವೇ ಹೆಚ್ಚು ಯುಕ್ತವೆಂದು ತೋರುವುದು. ಆದರೆ ರಾಜಪುರಿಯ ಪಕ್ಷವನ್ನು ಹಿಡಿದರೂ ನಮ್ಮ ವಾದಕ್ಕೆ ಬಾಧೆಯಿಲ್ಲ. ಎರಡೂ ಒಂದೇ ಕರಾವಳಿಯವು, ಎರಡನ್ನೂ ಹಡಗಿಲ್ಲದೆ ಮುತ್ತುವಂತಿಲ್ಲ.

ಬಾದಾಮಿಯ ಅರಸನಿಗೆ ಆ ಹಡಗುಗಳು ಎಲ್ಲಿಂದ ಬಂದವು ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಪ್ರಶಸ್ತಿಯಲ್ಲಿ ವಿಜಯಗಳು ಬಂದಿರುವ ಕ್ರಮವನ್ನು ಗಮನಿಸಿದರೆ ಇದಕ್ಕೊಂದು ಉತ್ತರ ಹೊಳೆಯುತ್ತದೆ. ಮೊದಲು ವರದೆಯು ಬಳಸಿ ಹರಿಯುವ ಬನವಾಸಿಯ ಮುತ್ತಿಗೆ, ಆಮೇಲೆ ಗಂಗರೂ ಆಳುಪರೂ ಶರಣಾದುದು, ಅದರ ನಂತರ ಕೊಂಕಣದ ಮೌರ್ಯರು, ಕೊನೆಗೆ ಪುರಿ. ಬನವಾಸಿಯನ್ನು ಹಿಡಿದವನಿಗೆ ಘಟ್ಟವನ್ನು ಇಳಿಯುವ ದಾರಿಗಳು ದೊರೆಯುತ್ತವೆ. ಆಳುಪರು ಅಧೀನರಾದರೆ ತುಳುನಾಡಿನ ರೇವುಗಳೂ ನಾವಿಕರೂ ಕೈಗೆ ಬರುತ್ತಾರೆ. ಇದಕ್ಕೂ ಮುಂಚೆ, ಪುಲಕೇಶಿಯ ಚಿಕ್ಕಪ್ಪನಾದ ಮಂಗಲೇಶನ ಕಾಲದಲ್ಲಿಯೇ ರೇವತೀದ್ವೀಪವು, ಎಂದರೆ ವೆಂಗುರ್ಲೆಯ ಬಳಿಯ ಇಂದಿನ ರೇಡಿಯು, ಚಾಲುಕ್ಯರ ವಶವಾಗಿತ್ತು. ಅಲ್ಲಿಂದ ಅವರ ಅಧಿಕಾರಿ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮನು ಆಳುತ್ತಿದ್ದನು. ತೆಂಕಣ ಕರಾವಳಿಯು ಹೀಗೆ ಕೈವಶವಾದ ಮೇಲೆಯೇ ಪುರಿಯ ಮುತ್ತಿಗೆ ಸಾಧ್ಯವಾಯಿತೆಂದು ಊಹಿಸಬಹುದು. ಆ ನಾವೆಗಳ ಬಹುಭಾಗವು ಬಾದಾಮಿಯ ಸ್ವಂತ ಸೊತ್ತಾಗಿರದೆ, ಆಳುಪ ಕದಂಬಾದಿ ಸಾಮಂತರ ಕರಾವಳಿಯಿಂದ ಕೂಡಿಸಿ ತಂದುದಾಗಿರಬೇಕು. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದಿನ ಹನ್ನೊಂದು ಶತಮಾನಗಳ ಕಥೆಗೆ ಇದೇ ಬೀಜ.

ಪುರಿಯ ವಿಜಯದ ಫಲವು ಬೇಗನೆ ಪರೀಕ್ಷೆಗೆ ಒಳಗಾಯಿತು. ಪ್ರಶಸ್ತಿಯು ಕೆತ್ತಲ್ಪಟ್ಟ ಎರಡು ಮೂರು ವರ್ಷಗಳಲ್ಲಿ, ಖಲೀಫ ಉಮರನ ಕಾಲದಲ್ಲಿ, ಬಹ್ರೈನ್ ಮತ್ತು ಓಮಾನ್ ಕಡೆಯ ಅರಬರ ಹಡಗುಪಡೆಯೊಂದು ಠಾಣೆಯ ಮೇಲೆ ದಾಳಿಮಾಡಿತು. ಅರಬ ಇತಿಹಾಸಕಾರ ಬಲಾಜುರಿಯು ಇದನ್ನು ದಾಖಲಿಸಿದ್ದಾನೆ. ತನ್ನ ಜನರನ್ನು ಕಡಲಿಗೆ ಒಡ್ಡಿದುದಕ್ಕಾಗಿ ಖಲೀಫನು ಅಧಿಕಾರಿಯ ಮೇಲೆ ಸಿಟ್ಟಾದನಂತೆ. ಮರಳಿ ಅರಬರು ದಕ್ಷಿಣದತ್ತ ಬಂದುದು ಒಂದು ಶತಮಾನದ ಮೇಲೆ, ಸಿಂಧಿನಿಂದ ನೆಲದ ದಾರಿಯಲ್ಲಿ. ಆಗ ಅವರನ್ನು ನವಸಾರಿಯ ಬಳಿ ಸೋಲಿಸಿದವನು ಚಾಲುಕ್ಯರ ಗುಜರಾತಿನ ಶಾಖೆಯ ಅವನಿಜನಾಶ್ರಯ ಪುಲಕೇಶಿ. ನೆಲದಲ್ಲಿ ಬಂದವರನ್ನು ನೆಲದಲ್ಲಿ ಸೋಲಿಸುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ.

ರಾಷ್ಟ್ರಕೂಟರ ಕಾಲಕ್ಕೆ ಈ ಪ್ರದೇಶದ ನೇರ ಆಡಳಿತವು ಉತ್ತರ ಕೊಂಕಣದ ಶಿಲಾಹಾರರದು. ಪುರಿ ಮೊದಲಾದ ೧,೪೦೦ ಗ್ರಾಮಗಳ ಕೊಂಕಣವೆಂದು ಅವರ ಶಾಸನಗಳು ತಮ್ಮ ನಾಡನ್ನು ಹೆಸರಿಸುವುದುಂಟು. ಪುಲಕೇಶಿಯ ಮುತ್ತಿಗೆಯಾದ ಎಷ್ಟೋ ಕಾಲದ ಮೇಲೂ ಪುರಿಯ ಹೆಸರು ನಾಡಿಗೆ ತಲೆಯಾಗಿಯೇ ಉಳಿದಿತ್ತು. ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿಯ ಗುಹೆಗಳಲ್ಲಿ ಶಿಲಾಹಾರ ಪುಲ್ಲಶಕ್ತಿಯ ಮತ್ತು ಇಮ್ಮಡಿ ಕಪರ್ದಿಯ ಕಾಲದ ಬರಹಗಳಿವೆ. ಕ್ರಿ. ಶ. ೮೭೭ರ ಬರಹದಲ್ಲಿಯೂ ಸಾರ್ವಭೌಮನೆಂದು ಹೇಳಿರುವ ಹೆಸರು ಅಮೋಘವರ್ಷನದು. 'ಕವಿರಾಜಮಾರ್ಗ'ದ ಅರಸನ ಹೆಸರನ್ನು ಕಲ್ಲಿನಲ್ಲಿ ಕಾಣಲು ಮುಂಬಯಿಯ ಕನ್ನಡಿಗನು ಉಪನಗರದ ರೈಲು ಹತ್ತಿದರೆ ಸಾಕು.

ಆದರೆ ಮಳಖೇಡದ ಚಕ್ರವರ್ತಿಗಳು ಕಡಲನ್ನು ಹೇಗೆ ಆಳಿದರು? ಡಹಾಣೂ ಸೀಮೆಯ ಚಿಂಚಣಿಯಲ್ಲಿ ೧೯೫೫ರಲ್ಲಿ ದೊರೆತ ತಾಮ್ರಶಾಸನಗಳು ಇದಕ್ಕೆ ಬೆರಗಾಗುವಂತಹ ಉತ್ತರವನ್ನು ಕೊಟ್ಟವು. ಅವುಗಳಲ್ಲೊಂದು ಶಕ ೮೪೮ರದು, ಕ್ರಿ. ಶ. ೯೨೬ರದು, ಮುಮ್ಮಡಿ ಇಂದ್ರನ ಆಳ್ವಿಕೆಯದು. ಇಮ್ಮಡಿ ಕೃಷ್ಣನು ಸಂಜಾಣದ ಮಂಡಲವನ್ನು ಮಧುಮತಿ ಎಂಬ ತಾಜಿಕನಿಗೆ ಒಪ್ಪಿಸಿದ್ದನೆಂದು ಅದು ತಿಳಿಸುತ್ತದೆ. ತಾಜಿಕನೆಂದರೆ ಅರಬನು, ಮಧುಮತಿಯೆಂಬುದು ಮುಹಮ್ಮದನೆಂಬ ಹೆಸರಿನ ಸಂಸ್ಕೃತ ರೂಪ. ಈತನು ತನ್ನ ಒಡೆಯನ ಪರವಾಗಿ ಸುತ್ತಣ ಬಂದರಗಳ ಅಧಿಪತಿಗಳನ್ನೆಲ್ಲ ಗೆದ್ದು ಅಲ್ಲಲ್ಲಿ ತನ್ನ ಅಧಿಕಾರಿಗಳನ್ನು ಇರಿಸಿದನು. ಹೊಳೆಗಳನ್ನು ದಾಟುವವರಿಗೆ ಹಾಸಲಿಲ್ಲದ ದೋಣಿಯನ್ನೂ, ದಾರಿಹೋಕರಿಗೆ ಅನ್ನಸತ್ರವನ್ನೂ ಏರ್ಪಡಿಸಿದನು. ಅಣ್ಣಯ್ಯನೆಂಬ ಬ್ರಾಹ್ಮಣನು ಕಟ್ಟಿಸಿದ ದೇವಿಯ ಮಠಕ್ಕೆ ಭೂಮಿಯನ್ನು ಬಿಟ್ಟುಕೊಟ್ಟ ಸಂದರ್ಭದಲ್ಲಿ ಈ ಶಾಸನ ಹುಟ್ಟಿತು. ಕನ್ನಡ ಚಕ್ರವರ್ತಿ, ಅರಬ ಮಂಡಲಾಧಿಪತಿ, ದೇವಿಯ ಮಠ, ಇವೆಲ್ಲವೂ ಒಂದೇ ತಗಡಿನ ಮೇಲೆ! ಬಲ್ಹರಾ ಎಂದು ರಾಷ್ಟ್ರಕೂಟರನ್ನು ಕರೆದ ಅರಬ ಪ್ರವಾಸಿಗಳು ಅವರನ್ನು ಅಷ್ಟೊಂದು ಹೊಗಳಿದುದು ಏಕೆಂಬುದೂ ಇದರಿಂದ ತಿಳಿಯುತ್ತದೆ.

ಈ ಔದಾರ್ಯವನ್ನು ನಾನು ಕಿರಿದುಮಾಡುವುದಿಲ್ಲ. ಆದರೆ ನೌಕಾಬಲದ ದೃಷ್ಟಿಯಿಂದ ನೋಡಿದಾಗ ಇಲ್ಲಿರುವುದು ಒಂದು ಪದ್ಧತಿ: ಘಟ್ಟದ ಮೇಲಿನ ಅರಸು ಕಡಲನ್ನು ತಾನು ಆಳದೆ, ಕಡಲನ್ನು ಬಲ್ಲವನ ಕೈಯಿಂದ ಆಳಿಸುತ್ತಾನೆ. ಆ ಕೈ ನಂಬಿಕೆಯುಳ್ಳದ್ದಾಗಿದ್ದಷ್ಟು ಕಾಲ, ಎದುರಿಗೆ ಮತ್ತೊಂದು ಬಲವಾದ ಕೈ ಇಲ್ಲದಷ್ಟು ಕಾಲ, ಈ ಪದ್ಧತಿಯಲ್ಲಿ ಲೋಪವೇನೂ ಕಾಣುವುದಿಲ್ಲ. ಖರ್ಚೂ ಕಡಿಮೆ.

ಗೋವೆಯ ಕದಂಬರು ಮಾತ್ರ ಇದಕ್ಕೆ ಅಪವಾದ. ಅವರು ಕಡಲನ್ನು ಎರವಲು ಪಡೆದವರಲ್ಲ, ಕಡಲಿನಲ್ಲಿಯೇ ಬಾಳಿದವರು. ಚಂದ್ರಪುರವನ್ನು ಬಿಟ್ಟು ಗೋಪಕಪಟ್ಟಣಕ್ಕೆ, ಜುವಾರಿ ಹೊಳೆಯ ದಡದ ಗೋವೆಗೆ, ರಾಜಧಾನಿಯನ್ನು ತಂದುದೇ ಅವರ ಮನಸ್ಸನ್ನು ತೋರಿಸುತ್ತದೆ. ಬಾದಾಮಿ, ಮಳಖೇಡ, ಕಲ್ಯಾಣ, ದೋರಸಮುದ್ರ, ವಿಜಯನಗರ, ಶ್ರೀರಂಗಪಟ್ಟಣ ಇವುಗಳಲ್ಲಿ ಯಾವುದೂ ಉಪ್ಪುನೀರನ್ನು ಕಂಡುದಲ್ಲ. ಧಾರವಾಡದ ಬಳಿಯ ನರೇಂದ್ರದ ಶಾಸನವು ಹನ್ನೆರಡನೆಯ ಶತಮಾನದ ಮೊದಲ ಪಾದದ್ದು. ಅದರ ಪ್ರಕಾರ ಚಟ್ಟಯ್ಯದೇವನು, ಎಂದರೆ ಷಷ್ಠದೇವನು, ಕವಡಿದ್ವೀಪವನ್ನೂ ಇನ್ನಿತರ ನಾಡುಗಳನ್ನೂ ಹಿಡಿದು, ಹಡಗುಗಳ ಸಾಲಿನಿಂದಲೇ ಲಂಕೆಯವರೆಗೆ ಸೇತುವೆಯನ್ನು ಕಟ್ಟಿ ಕಪ್ಪವನ್ನು ಕೇಳಿದನು. ಅವನ ಸಮುದ್ರವಿಹಾರದ ಸುದ್ದಿಯನ್ನು ಕೇಳಿ ಠಾಣೆಯ ಮುಮ್ಮುರಿಯು, ಶಿಲಾಹಾರ ಮುಮ್ಮುಣಿಯೇ ಈತನೆಂದು ವಿದ್ವಾಂಸರ ಅಭಿಪ್ರಾಯ, ಇದಿರುಗೊಂಡು ಅರಮನೆಗೆ ಕರೆದೊಯ್ದು ಮಗಳನ್ನು ಕೊಟ್ಟನಂತೆ. ಲಂಕೆಯ ಸೇತುವೆಯನ್ನು ಕವಿಗೆ ಬಿಟ್ಟುಬಿಡೋಣ. ಕವಡಿದ್ವೀಪವು ಮಾತ್ರ ನಮ್ಮ ನೆರೆಯದೇ. ಸಾಷ್ಟಿಯನ್ನು, ಇಂದು ಬಾಂದ್ರಾದಿಂದ ಠಾಣೆಯವರೆಗೆ ಉಪನಗರಗಳು ತುಂಬಿರುವ ನೆಲವನ್ನು, ಒಳಗೊಂಡ ಶಿಲಾಹಾರ ಕೊಂಕಣವನ್ನೇ ಈ ಹೆಸರು ಸೂಚಿಸುವುದೆಂದು ತಿಳಿದವರ ಮತ. ಮುಂಬಯಿಯಲ್ಲಿಯೇ ಅಧ್ಯಾಪಕರಾಗಿದ್ದ ಜಾರ್ಜ್ ಮೋರಾಯಿಸರು ೧೯೩೧ರಲ್ಲಿ ಪ್ರಕಟಿಸಿದ 'ಕದಂಬ ಕುಲ'ವು ಈ ಶಾಸನಗಳನ್ನೆಲ್ಲ ಒಟ್ಟುಗೂಡಿಸಿದ ಮೊದಲ ದೊಡ್ಡ ಗ್ರಂಥ.

ಕದಂಬರ ಇನ್ನೊಂದು ತಾಮ್ರಶಾಸನದ ಕಥೆಯು ಪುಟ್ಟದಾದರೂ ಸ್ವಾರಸ್ಯವಾದುದು. ಗೂಹಲ್ಲದೇವನು ಸೋಮನಾಥದ ಯಾತ್ರೆಗಾಗಿ ಹಡಗಿನಲ್ಲಿ ಹೋಗುತ್ತಿರುವಾಗ ಕೂವೆಮರವು ಮುರಿದುಹೋಯಿತು. ಗೋವೆಯ ರೇವಿನಲ್ಲಿ ಅವನಿಗೆ ನೆರವಾದವನು ಒಬ್ಬ ಅರಬ ವರ್ತಕ. ಆ ಉಪಕಾರವನ್ನು ಮರೆಯದೆ ಮುಂದೆ ಮೊದಲನೆಯ ಜಯಕೇಶಿಯು ವರ್ತಕನ ಮೊಮ್ಮಗನಾದ ಛಡಮನನ್ನು ಅಧಿಕಾರಿಯನ್ನಾಗಿ ಮಾಡಿದನು; ಗೋವೆಯಲ್ಲಿ ಮಸೀದಿಯ ವೆಚ್ಚಕ್ಕೆಂದು ಬಂದರದ ಹಡಗುಗಳ ಮೇಲೆ ಸುಂಕವನ್ನು ಗೊತ್ತುಪಡಿಸಲಾಯಿತು. ಕದಂಬರೂ ಅರಬರನ್ನು ಬಳಸಿಕೊಂಡರು ನಿಜ. ಭೇದವಿಷ್ಟೆ: ಇಲ್ಲಿ ಅರಸನೇ ಹಡಗನ್ನು ಹತ್ತಿದ್ದನು.

ಈಗ ಬೊರಿವಲಿಯ ಪಶ್ಚಿಮಕ್ಕಿರುವ ಏಕ್‌ಸರಕ್ಕೆ ಬರೋಣ. ಅಲ್ಲಿನ ಆರು ವೀರಗಲ್ಲುಗಳು ಮುಂಬಯಿಯ ನೆಲದಲ್ಲಿ ಉಳಿದಿರುವ ಕಡಲಕಾಳಗದ ಅತ್ಯಂತ ಪ್ರಮುಖ ಸಾಕ್ಷ್ಯ. ಅವುಗಳಲ್ಲಿ ದೊಡ್ಡವು ಸುಮಾರು ಹತ್ತು ಅಡಿ ಎತ್ತರದವು. ಕರ್ನಾಟಕದ ಊರೂರಿನಲ್ಲಿ ನಾವು ಕಾಣುವ ವೀರಗಲ್ಲಿನ ಕ್ರಮವೇ ಇಲ್ಲಿಯೂ ಇದೆ: ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ಮೇಲೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ತುದಿಯಲ್ಲಿ ಶಿವಸಾನ್ನಿಧ್ಯ. ಆದರೆ ನಮ್ಮ ಬಯಲುಸೀಮೆಯ ಕಲ್ಲುಗಳಲ್ಲಿ ಕುದುರೆ ಆನೆ ಹಸುಗಳಿರುವ ಸ್ಥಾನದಲ್ಲಿ, ಇಲ್ಲಿನ ನಾಲ್ಕು ಕಲ್ಲುಗಳಲ್ಲಿ, ಹಡಗುಗಳಿವೆ. ಒಂದು ಕಲ್ಲಿನಲ್ಲಿ ಎತ್ತರವಾದ ಮೂತಿಯ ಐದು ಹಡಗುಗಳು ಸಾಲಾಗಿ ಹೊರಟಿವೆ; ನಡುವೆ ಕೂವೆಮರ, ಪಕ್ಕದಲ್ಲಿ ಒಂಬತ್ತು ಹುಟ್ಟುಗಳ ಸಾಲು, ಮೇಲಟ್ಟದ ಮೇಲೆ ಬಿಲ್ಲಾಳುಗಳು. ಅದರ ಮೇಲಿನ ಪಟ್ಟಿಕೆಯಲ್ಲಿ ನಾಲ್ಕು ಹಡಗುಗಳು ಒಂಟಿ ಹಡಗೊಂದನ್ನು ಅಡ್ಡಗಟ್ಟಿವೆ, ಅದರ ಆಳುಗಳು ನೀರಿಗೆ ಬೀಳುತ್ತಿದ್ದಾರೆ. ಮತ್ತೊಂದು ಕಲ್ಲಿನಲ್ಲಿ ಹನ್ನೊಂದು ಹಡಗುಗಳ ಹೋರಾಟವಿದೆ. ಹುಟ್ಟುಗಳನ್ನು ಶಿಲ್ಪಿಯು ಇಷ್ಟು ಎಚ್ಚರದಿಂದ ಬಿಡಿಸಿದುದು ಅರ್ಥವಿಲ್ಲದ ಅಲಂಕಾರವಲ್ಲ. ಹಾಯಿಯೊಂದನ್ನೇ ನಂಬಿದ ವರ್ತಕರ ಹಡಗು ಗಾಳಿಗೆ ಕಾಯಬೇಕು. ಖಾರಿಯ ಇಕ್ಕಟ್ಟಿನಲ್ಲಿ, ಉಬ್ಬರ ಇಳಿತಗಳ ನಡುವೆ ಹೋರಾಡಬೇಕಾದ ಹಡಗಿಗೆ ಹುಟ್ಟು ಬೇಕು. ಇವು ಯುದ್ಧಕ್ಕೆಂದೇ ಕಟ್ಟಿದ ಹಡಗುಗಳು.

ಯಾರ ಯುದ್ಧವಿದು? ದೇವಗಿರಿಯ ಸೇವುಣ ಮಹಾದೇವನು ೧೨೬೦ರ ದಶಕದಲ್ಲಿ ಶಿಲಾಹಾರ ಸೋಮೇಶ್ವರನ ಮೇಲೆ ನಡೆಸಿದ ದಂಡಯಾತ್ರೆಯದೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಸೋಮೇಶ್ವರನು ನೆಲದಲ್ಲಿ ಸೋತು ಹಡಗನ್ನು ಹತ್ತಿದನು, ಕಡಲಿನಲ್ಲಿಯೇ ಮುಳುಗಿದನು. ಮಹಾದೇವನ ಕೋಪಾಗ್ನಿಗಿಂತ ವಡಬಾಗ್ನಿಯೇ ಲೇಸೆಂದು ಬಗೆದನೆಂಬುದು ಮಹಾದೇವನ ಮಂತ್ರಿ ಹೇಮಾದ್ರಿಯ ಚಮತ್ಕಾರ. ಕಲ್ಲುಗಳು ಇನ್ನೂ ಹಿಂದಿನವು, ಹನ್ನೊಂದನೆಯ ಶತಮಾನದವು, ಎನ್ನುವವರೂ ಇದ್ದಾರೆ. ಹಾಗಾದರೆ ಕದಂಬರ ಕವಡಿದ್ವೀಪದ ದಾಳಿಗಳ ಕಾಲವೇ ಅದಾಗುತ್ತದೆ. ಯಾವ ಪಕ್ಷವನ್ನು ಹಿಡಿದರೂ ಘಟ್ಟದ ಮೇಲಿನವರೋ ತೆಂಕಣ ಕರಾವಳಿಯವರೋ ಬಂದು ಸಾಷ್ಟಿಯ ಒಡೆತನಕ್ಕಾಗಿ ಕಡಲಿನಲ್ಲಿ ಕಾದಿದ ಕುರುಹು ಇದು. ಬೊರಿವಲಿಯಲ್ಲಿರುವ ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇವನ್ನು ನೋಡಿಬಂದಿರುವರೋ! ಬಾದಾಮಿ ಹಂಪೆಗಳಿಗೆ ಪ್ರವಾಸ ಹೋಗುವ ಮೊದಲು ಒಂದು ಮುಂಜಾನೆಯನ್ನು ಏಕ್‌ಸರಕ್ಕೆ ಕೊಡುವುದು ವ್ಯರ್ಥವಾಗದು.

ವಿಜಯನಗರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆ ಸಾಮ್ರಾಜ್ಯದ ಅಶ್ವಬಲವು ಅರಬಸ್ಥಾನ ಮತ್ತು ಪಾರಸಿಕ ದೇಶಗಳಿಂದ ಭಟ್ಕಳ, ಹೊನ್ನಾವರ, ಗೋವೆಗಳಿಗೆ ಬಂದಿಳಿಯುವ ಕುದುರೆಗಳನ್ನು ಅವಲಂಬಿಸಿತ್ತು. ಹಂಪೆಯ ಸೇನೆಯ ಪ್ರಾಣವು ಹೀಗೆ ಕಡಲಿನ ಮೇಲಿದ್ದರೂ ಆ ಕಡಲನ್ನು ಕಾಯುವ ರಾಜನೌಕೆಗಳಿರಲಿಲ್ಲ. ಹೊನ್ನಾವರದ ತಿಮ್ಮಯ್ಯನಂತಹ ಕಡಲ ನಾಯಕರು ಆ ಕೆಲಸವನ್ನು ತಮ್ಮ ಲಾಭಕ್ಕೆ ಹೊಂದುವಂತೆ ಮಾಡುತ್ತಿದ್ದರು. ೧೫೧೦ರಲ್ಲಿ ಗೋವೆಯನ್ನು ಹಿಡಿಯುವಂತೆ ಅಲ್ಬುಕರ್ಕನಿಗೆ ಸಲಹೆಯನ್ನೂ ನೆರವನ್ನೂ ಕೊಟ್ಟವನು ಇದೇ ತಿಮ್ಮಯ್ಯನು. ಅಂದಿನಿಂದ ಪಡುಗಡಲಿನ ಹಡಗುಗಳು ಪೋರ್ತುಗೀಜರ ರಹದಾರಿಯನ್ನು ಪಡೆದೇ ಸಾಗಬೇಕಾಯಿತು. ೧೫೩೪ರಲ್ಲಿ ವಸಯಿಯೂ ಮುಂಬಯಿಯ ಏಳು ದ್ವೀಪಗಳೂ ಗುಜರಾತಿನ ಬಹಾದೂರ್ ಷಾಹನಿಂದ ಅವರ ಕೈಸೇರಿದವು. ೧೫೪೭ರಲ್ಲಿ ವಿಜಯನಗರವು ಪೋರ್ತುಗೀಜರೊಡನೆ ಒಪ್ಪಂದ ಮಾಡಿಕೊಂಡು ಕುದುರೆಗಳನ್ನು ತರಿಸಿಕೊಳ್ಳಬೇಕಾಯಿತು. ಉಳ್ಳಾಲದ ಅಬ್ಬಕ್ಕ ರಾಣಿಯ ಹೋರಾಟವೂ, ೧೬೫೦ರ ದಶಕದಲ್ಲಿ ಹೊನ್ನಾವರ, ಗಂಗೊಳ್ಳಿ, ಬಸರೂರುಗಳ ಕೋಟೆಗಳಿಂದ ಪೋರ್ತುಗೀಜರನ್ನು ಹೊರದೂಡಿದ ಕೆಳದಿಯ ಶಿವಪ್ಪನಾಯಕನ ಸಾಹಸವೂ ಸಾಮಾನ್ಯವಾದುವಲ್ಲ. ಆದರೂ ಶಿವಪ್ಪನಾಯಕನು ಗೆದ್ದುದು ಕೋಟೆಗಳನ್ನು. ಕೋಟೆಗಳ ಮುಂದಿನ ನೀರನ್ನಲ್ಲ. ೧೬೬೫ರಲ್ಲಿ ಶಿವಾಜಿಯು ಮಾಲವಣದಿಂದ ಹಡಗುಪಡೆಯೊಡನೆ ಹೊರಟು ಬಸರೂರನ್ನು ಸೂರೆಗೊಂಡಾಗ ಕೆಳದಿಯ ಅಶ್ವದಳವು ಏನನ್ನು ಮಾಡಬಲ್ಲುದಾಗಿತ್ತು?

ನೌಕಾಬಲವು ಇತಿಹಾಸದ ಗತಿಯನ್ನು ನಿರ್ಣಯಿಸುವುದೆಂಬ ಸಿದ್ಧಾಂತವನ್ನು ೧೮೯೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅಮೆರಿಕದ ನೌಕಾಧಿಕಾರಿ ಮಹಾನನು ಪ್ರತಿಪಾದಿಸಿದನು. ಹಿಂದೂ ಮಹಾಸಾಗರಕ್ಕೆ ಆ ವಿಚಾರವನ್ನು ಅನ್ವಯಿಸಿ ಸರದಾರ ಕೆ. ಎಂ. ಪಣಿಕ್ಕರರು ೧೯೪೫ರಲ್ಲಿ ಗ್ರಂಥವನ್ನು ಬರೆದರು. ಮಹಾನನು ತನ್ನ ಗ್ರಂಥಕ್ಕೆ ಆರಿಸಿಕೊಂಡ ಕಾಲವು ೧೬೬೦ರಿಂದ ೧೭೮೩ರವರೆಗಿನದು. ಅವನ ದೃಷ್ಟಿಯು ಯೂರೋಪಿನ ಯುದ್ಧಗಳ ಮೇಲೆ ನೆಟ್ಟಿತ್ತು. ಆದರೆ ಕನ್ನಡಿಗನ ಕಣ್ಣಿಗೆ ಈ ಎರಡು ವರ್ಷಗಳು ಬೇರೆಯೇ ಅರ್ಥವನ್ನು ಕೊಡುತ್ತವೆ. ೧೬೬೧ರ ವಿವಾಹದ ಒಪ್ಪಂದದಿಂದ ಮುಂಬಯಿಯು ಇಂಗ್ಲೆಂಡಿನ ಅರಸನಿಗೆ ಬಳುವಳಿಯಾಗಿ ಹೋಯಿತು. ೧೬೬೮ರಲ್ಲಿ ವರ್ಷಕ್ಕೆ ಹತ್ತು ಪೌಂಡು ಬಾಡಿಗೆಗೆ ಕಂಪನಿಯ ಕೈಗೆ ಬಂದಿತು. ೧೭೮೩ರಲ್ಲಿ, ಆ ಕಾಲಖಂಡವು ಮುಗಿಯುವ ವರ್ಷದಲ್ಲಿ, ಮುಂಬಯಿಯಿಂದ ಹೊರಟ ಸೇನೆಯೊಂದು ಬಿದನೂರನ್ನು ಹಿಡಿದಿತ್ತು, ಮಂಗಳೂರು ಮುತ್ತಿಗೆಯಲ್ಲಿತ್ತು. ಪುಲಕೇಶಿಯ ನಾವೆಗಳು ತೆಂಕಣದಿಂದ ಬಡಗಣಕ್ಕೆ ಬಂದ ದಾರಿಯಲ್ಲಿಯೇ ಈಗ ಹಡಗುಗಳು ಬಡಗಣದಿಂದ ತೆಂಕಣಕ್ಕೆ ಹೋಗುತ್ತಿದ್ದುವು.

ಈ ತಿರುವಿಗೆ ಕಾರಣವನ್ನು ತೋಪುಗಳಲ್ಲಿ ಹುಡುಕುವುದು ವಾಡಿಕೆ. ನನಗೆ ಮಳೆಗಾಲವೇ ಹೆಚ್ಚು ಮುಖ್ಯವೆಂದು ತೋರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಡುಗಡಲು ಮುಚ್ಚಿರುತ್ತದೆ. ನಮ್ಮ ಕರಾವಳಿಯ ರೇವುಗಳಲ್ಲಿ ಬಹುಪಾಲು ಅಳಿವೆಯ ಬಾಯಿಯವು, ಮರಳದಿಣ್ಣೆ ಕಟ್ಟಿಕೊಳ್ಳುವಂಥವು. ದೊಡ್ಡ ಹಡಗು ಅಲ್ಲಿ ಮಳೆಗಾಲವನ್ನು ಕಳೆಯುವಂತಿಲ್ಲ. ಚಿಕ್ಕ ದೋಣಿಗಳನ್ನು ದಡಕ್ಕೆಳೆದು ಮಡಲಿನಿಂದ ಮುಚ್ಚುತ್ತಿದ್ದರು, ನಾವಿಕರು ಗದ್ದೆಯ ಕೆಲಸಕ್ಕೆ ಹೋಗುತ್ತಿದ್ದರು. ಮುಂಬಯಿಯಲ್ಲಿಯಾದರೋ ಹಡಗು ನೆಮ್ಮದಿಯಾಗಿ ನಿಲ್ಲಬಹುದಾದ ಆಳವಾದ ಬಂದರವಿತ್ತು. ೧೭೩೬ರಲ್ಲಿ ಸೂರತ್ತಿನಿಂದ ಲವ್‌ಜಿ ನಸರ್‌ವಾನ್‌ಜಿ ವಾಡಿಯಾನನ್ನು ಕರೆಯಿಸಿಕೊಂಡರು. ೧೭೫೦ರಲ್ಲಿ, ಹಡಗನ್ನು ಒಳಗೆ ತಂದು ನೀರನ್ನು ಹೊರಹಾಕಿ ದುರಸ್ತು ಮಾಡುವ ಕಲ್ಲಿನ ಡಾಕು ಸಿದ್ಧವಾಯಿತು. ಹೀಗೆ ಇತರರು ಕೈಕಟ್ಟಿ ಕೂರುವ ನಾಲ್ಕು ತಿಂಗಳುಗಳು ಮುಂಬಯಿಗೆ ದುರಸ್ತಿಯ ನಾಲ್ಕು ತಿಂಗಳುಗಳಾದವು. ಅಕ್ಟೋಬರಿನಲ್ಲಿ ಕಡಲು ತೆರೆಯುತ್ತಲೇ ಅಲ್ಲಿನ ಹಡಗುಗಳು ಸಜ್ಜಾಗಿ ಹೊರಬೀಳುತ್ತಿದ್ದುವು. ಅವುಗಳ ಅಧಿಕಾರಿಗಳೂ ನಾವಿಕರೂ ವರ್ಷವಿಡೀ ಸಂಬಳ ಪಡೆಯುವವರು. ಆ ಹಡಗುಗಳ ಸಾಗವಾನಿಯೋ ಮಲಬಾರು ಮತ್ತು ಕನ್ನಡ ಜಿಲ್ಲೆಯ ಕಾಡುಗಳಿಂದ ಬರುತ್ತಿದ್ದುದು!

ಮುಂಬಯಿಗೆ ಎದುರಾಳಿಗಳಿರಲಿಲ್ಲವೆಂದಲ್ಲ. ಕಾನ್ಹೋಜಿ ಆಂಗ್ರೆಯು ೧೭೨೯ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲಿಷರಿಗೆ ಸಗ್ಗಲಿಲ್ಲ. ೧೭೧೮ರಲ್ಲಿ ಖಾಂದೇರಿಯ ಮೇಲೆ, ೧೭೨೧ರಲ್ಲಿ ಪೋರ್ತುಗೀಜರನ್ನು ಕೂಡಿಕೊಂಡು ಕುಲಾಬೆಯ ಮೇಲೆ, ಅವರು ನಡೆಸಿದ ದಾಳಿಗಳು ವಿಫಲವಾದವು. ಆದರೆ ೧೭೫೬ರ ಫೆಬ್ರುವರಿಯಲ್ಲಿ, ಪೇಶ್ವೆಯ ಸಹಕಾರದಿಂದಲೇ, ವಿಜಯದುರ್ಗದಲ್ಲಿ ತುಳಾಜಿ ಆಂಗ್ರೆಯ ಹಡಗುಪಡೆಯನ್ನು ಇಂಗ್ಲಿಷರು ಸುಟ್ಟುಹಾಕಿದರು. ಮನೆಯ ಜಗಳದಲ್ಲಿ ತನ್ನದೇ ನೌಕಾಬಲವನ್ನು ಪರರಿಂದ ಸುಡಿಸಿದ ಇಂತಹ ಉದಾಹರಣೆ ಅಪರೂಪ. ಏಳು ವರ್ಷಗಳ ಬಳಿಕ ಹೈದರಾಲಿಯು ಘಟ್ಟವನ್ನಿಳಿದು ಬಂದಾಗ, ಪಡುಗಡಲಿನಲ್ಲಿ ಮುಂಬಯಿಗೆ ಸರಿಗಟ್ಟುವ ದೇಶೀಯ ಪಡೆಯು ಉಳಿದಿರಲಿಲ್ಲ.

೧೭೬೩ರಲ್ಲಿ ಬಿದನೂರನ್ನು ಗೆದ್ದೊಡನೆ ಹೈದರನು ಮಂಗಳೂರಿನಲ್ಲಿ ಹಡಗುಗಳನ್ನು ಕಟ್ಟಿಸತೊಡಗಿದನು. ಅಕ್ಷರವರಿಯದ ಈ ದಂಡನಾಯಕನಿಗೆ ಕಡಲಿನ ಬೆಲೆಯು ಒಂದೇ ನೋಟಕ್ಕ ಹೊಳೆದುದನ್ನು ಮೆಚ್ಚಬೇಕು. ಅವನ ಪಡೆಯು ಮೊದಲು ಕಣ್ಣಾನೂರಿನ ಅಲಿರಾಜನ ಮನೆತನದವರ ಕೈಯಲ್ಲಿತ್ತು. ಬಳಿಕ ಅವನು ಲುತ್ಫ್ ಅಲಿಬೇಗನೆಂಬ ಕುದುರೆಪಡೆಯ ಸರದಾರನನ್ನು ಅದಕ್ಕೆ ಮುಖ್ಯನನ್ನಾಗಿ ನೇಮಿಸಿದನು. ೧೭೬೮ರ ಆರಂಭದಲ್ಲಿ ಮುಂಬಯಿಯ ಹಡಗುಪಡೆಯು ಹೊನ್ನಾವರದ ಮುಂದೆ ಕಾಣಿಸಿಕೊಂಡಾಗ ನಡೆದುದು ಯುದ್ಧವಲ್ಲ. ಕುದುರೆಯವನ ಆಜ್ಞೆಯಲ್ಲಿರಲು ಮನಸ್ಸಿಲ್ಲದ ಹಡಗಿನ ಕಪ್ತಾನರು, ಎರಡು ಹಡಗು, ಎರಡು ಗುರಾಬು, ಹತ್ತು ಗಲ್ಬತುಗಳನ್ನು ಒಯ್ದು ಇಂಗ್ಲಿಷರನ್ನು ಸೇರಿಕೊಂಡರು. ಐದು ವರ್ಷಗಳ ಶ್ರಮವು ಒಂದು ತೋಪೂ ಹಾರದೆ ಕೈಬಿಟ್ಟಿತು. ಹೊನ್ನಾವರವೂ ಮಂಗಳೂರೂ ಬಿದ್ದವು.

ಇಲ್ಲಿಯೂ ಮಳೆಗಾಲವನ್ನು ಮರೆಯಬಾರದು. ಹೈದರನೂ ಟಿಪ್ಪುವೂ ಮಂಗಳೂರಿನ ಮುಂದೆ ಬಂದು ನಿಂತುದು ಮೇ ತಿಂಗಳಿನಲ್ಲಿ, ಕಡಲು ಮುಚ್ಚುವ ಹೊತ್ತಿಗೆ. ಮುಂಬಯಿಯಿಂದ ಇನ್ನು ನೆರವು ಬರಲಾರದು. ಇಂಗ್ಲಿಷರು ಗಾಯಾಳುಗಳನ್ನೂ ಸಾಮಗ್ರಿಯನ್ನೂ ಬಿಟ್ಟು ಆತುರದಿಂದ ಹಡಗು ಹತ್ತಿದರು. ಕಡಲು ತೆರೆದಿರುವಾಗ ಕರಾವಳಿಯು ಮುಂಬಯಿಯದು, ಮುಚ್ಚಿದಾಗ ಮೈಸೂರಿನದು. ಮುಂದಿನ ಹದಿನಾರು ವರ್ಷಗಳ ಯುದ್ಧಗಳೂ ಈ ಲೆಕ್ಕದಂತೆಯೇ ನಡೆದುವು. ೧೭೭೦ರ ಒಪ್ಪಂದದಲ್ಲಿ ಮುಂಬಯಿಯು ಕೇಳಿಕೊಂಡುದು ಹೊನ್ನಾವರದ ಕೋಠಿ, ಗಂಧ, ಮೆಣಸು, ಮತ್ತು ಮಂಗಳೂರಿನ ಅಕ್ಕಿ. ಹಡಗು ಕಟ್ಟುವ ನಗರಕ್ಕೆ ಅನ್ನವು ನಮ್ಮ ಗದ್ದೆಗಳಿಂದ ಬರಬೇಕಾಗಿತ್ತು. ಈ ಅಕ್ಕಿಯನ್ನು ತಡೆದು ಹಿಡಿಯುವ ಶಕ್ತಿಯು ಹೈದರನಿಗಿತ್ತು. ಒಯ್ಯುವ ದಾರಿಯನ್ನು ತಡೆಯುವ ಶಕ್ತಿಯಿರಲಿಲ್ಲ.

ಅವನು ಮತ್ತೆ ಹಡಗುಗಳನ್ನು ಕಟ್ಟಿಸಿದನು. ೧೭೮೦ರ ಡಿಸೆಂಬರಿನಲ್ಲಿ ಆಂಗ್ಲ ನೌಕಾಧಿಪತಿ ಎಡ್ವರ್ಡ್ ಹ್ಯೂಸನು ಮಂಗಳೂರಿನ ರೇವಿನಲ್ಲಿಯೇ ಅವುಗಳನ್ನು ನಾಶಮಾಡಿದನು. ಕರ್ನಾಟಕದ ಬಯಲಿನಲ್ಲಿ ಗೆಲ್ಲುತ್ತಿರುವಾಗಲೇ ಹೈದರನಿಗೆ ನಿಜಸ್ಥಿತಿಯು ಮನದಟ್ಟಾಗಿತ್ತು. ನೆಲದ ಮೇಲೆ ಇಂಗ್ಲಿಷರ ಸಂಪನ್ಮೂಲಗಳನ್ನು ತಾನು ಹಾಳುಗೆಡವಬಲ್ಲೆನಾದರೂ ಕಡಲನ್ನು ಬತ್ತಿಸಲಾರೆನೆಂದು ಅವನು ಪೂರ್ಣಯ್ಯನೊಡನೆ ಹೇಳಿಕೊಂಡನೆಂದು ವಿಲ್ಕ್ಸನು ದಾಖಲಿಸಿದ್ದಾನೆ. ಫ್ರೆಂಚರ ಮಹಾನಾವಿಕ ಸಫ್ರೆನನನ್ನು ೧೭೮೨ರಲ್ಲಿ ಕಡಲೂರಿನಲ್ಲಿ ಅವನು ಅಷ್ಟು ಆದರದಿಂದ ಕಂಡುದು ಇದರಿಂದಲೇ. ಮತ್ತೆ ಎರವಲಿನ ಕಡಲಬಲ! ಆ ವರ್ಷದ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಮರುತಿಂಗಳೇ ಮುಂಬಯಿಯ ಜನರಲ್ ಮ್ಯಾಥ್ಯೂಸನು ಉತ್ತರ ಕನ್ನಡದ ತೀರದಲ್ಲಿಳಿದು, ಹೊನ್ನಾವರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನೇರಿ ಬಿದನೂರನ್ನು ಪ್ರವೇಶಿಸಿದನು. ಏಪ್ರಿಲಿನ ಕೊನೆಯ ಹೊತ್ತಿಗೆ ಟಿಪ್ಪುವು ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರನ್ನು ಮುತ್ತಿದನು. ಮಳೆಗಾಲವು ಕೋಟೆಯನ್ನು ಮುಂಬಯಿಯಿಂದ ಬೇರ್ಪಡಿಸಿತು. ಕ್ಯಾಂಪ್‌ಬೆಲ್ಲನ ಪಡೆಯು ಹಸಿವಿನಿಂದಲೂ ರೋಗದಿಂದಲೂ ಕುಗ್ಗಿ ೧೭೮೪ರ ಜನವರಿ ೩೦ರಂದು ಕೋಟೆಯನ್ನೊಪ್ಪಿಸಿತು. ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದವಾಯಿತು. ಇದು ಟಿಪ್ಪುವಿನ ಮಹಾವಿಜಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗೆದ್ದುದು ಒಂದು ಮಳೆಗಾಲದ ಬಲದಿಂದ.

ಟಿಪ್ಪುವು ಈ ಸತ್ಯವನ್ನು ಮರೆತವನಲ್ಲ. ೧೭೯೬ರಲ್ಲಿ ಅವನು ಹೊರಡಿಸಿದ ಆಜ್ಞೆಯಲ್ಲಿ ೨೦ ದೊಡ್ಡ ಯುದ್ಧನೌಕೆಗಳು, ೨೦ ಫ್ರಿಗೇಟುಗಳು, ಅವುಗಳಿಗೆ ಪ್ರತ್ಯೇಕ ಇಲಾಖೆ, ಅಧಿಕಾರಿಗಳ ಶ್ರೇಣಿ, ಹಡಗು ಕಟ್ಟುವ ಸ್ಥಳಗಳು ಎಲ್ಲವನ್ನೂ ವಿವರಿಸಿದ್ದಾನೆ. ಎರವಲಿನ ಪದ್ಧತಿಯನ್ನು ಬಿಟ್ಟು ಸ್ಥಿರವಾದ ರಾಜನೌಕಾಖಾತೆಯನ್ನು ಕಾಗದದ ಮೇಲಾದರೂ ಕಟ್ಟಿದ ಘಟ್ಟದ ಮೇಲಣ ಅರಸನೆಂದರೆ ಇವನೇ. ದೊರೆತ ಕಾಲವು ಮೂರು ವರ್ಷ. ೧೭೯೯ರಲ್ಲಿ ಮುಂಬಯಿಯ ಸೇನೆಯು ಜನರಲ್ ಸ್ಟುವರ್ಟನ ಕೈಕೆಳಗೆ ಕಣ್ಣಾನೂರಿನ ರೇವಿನಿಂದ ಕೊಡಗಿನ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಡೆಯಿತು. ಮೇ ೪ರಂದು, ಮಳೆಗಾಲಕ್ಕೆ ಒಂದು ತಿಂಗಳಿರುವಾಗ, ಕೋಟೆಯು ಬಿದ್ದಿತು.

ಕನ್ನಡ ಜಿಲ್ಲೆಯು ಕಂಪನಿಗೆ ಸೇರಿ ಮದರಾಸಿನ ಆಡಳಿತಕ್ಕೊಳಪಟ್ಟಿತು. ೧೮೬೨ರಲ್ಲಿ ಅದರ ಉತ್ತರಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಯುದ್ಧನೌಕೆಗಳ ದಾರಿಯಲ್ಲಿ ಪತ್ತೆಮಾರಿಗಳೂ ಆಗಬೋಟುಗಳೂ ಓಡಾಡತೊಡಗಿದುವು, ಅಕ್ಕಿ ಹಂಚುಗಳೊಡನೆ ಜನರೂ ಬಂದರು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ನಗರವನ್ನು ಮೊದಲು ಕಂಡುದು ನೀರಿನ ಮೇಲಿನಿಂದ, ಘಾರಾಪುರಿಯನ್ನು ಒಳಗೊಂಡ ಬಂದರದ ಮೂಲಕ. ಸ್ವಾತಂತ್ರ್ಯಾನಂತರ ಭಾರತದ ಪಶ್ಚಿಮ ನೌಕಾಬಲದ ಕೇಂದ್ರವೂ ಮುಂಬಯಿಯೇ ಆಯಿತು. ಇಲ್ಲಿನ ನೌಕಾನೆಲೆಯೊಂದಕ್ಕೆ ೧೯೫೧ರಲ್ಲಿ ಆಂಗ್ರೆಯ ಹೆಸರನ್ನಿಟ್ಟರು. ಆದರೆ ವರ್ತಕರ ಹಡಗುಗಳ ದಟ್ಟಣೆಯಲ್ಲಿ ಯುದ್ಧನೌಕೆಗಳಿಗೆ ಮುಂಬಯಿಯ ಬಂದರವು ಇಕ್ಕಟ್ಟಾಯಿತು. ಆದುದರಿಂದ ಎರಡನೆಯ ನೆಲೆಗಾಗಿ ಆರಿಸಿದ ಸ್ಥಳವು ಕಾರವಾರ. ೧೯೮೬ರಲ್ಲಿ ಅಲ್ಲಿ ಅಡಿಗಲ್ಲನ್ನು ಹಾಕಿದರು. ೨೦೦೫ರ ಮೇ ೩೧ರಂದು ನೌಕಾಬಲಕ್ಕೆ ಸೇರ್ಪಡೆಯಾದ ಆ ನೆಲೆಗೆ ಕದಂಬ ಎಂಬ ಹೆಸರನ್ನು ಕೊಟ್ಟಿದ್ದಾರೆ. ವಿಮಾನವಾಹಕ ವಿಕ್ರಮಾದಿತ್ಯಕ್ಕೆ ತಂಗುದಾಣವಾದುದು ಅದೇ ನೆಲೆ.